ಬುತ್ತಿಚೀಲದಲ್ಲಿ ಕ್ಯಾಮೆರಾ

ಕ್ಯಾಮೆರಾದ ಜೊತೆ ಬಂದ ಚರ್ಮದ ಕೇಸು ನೋಡಲು ಭಾರೀ ಛಂದ ಇತ್ತು. ಆದರೆ ಅದನ್ನು ಹೆಗಲಿಗೆ ಹಾಕಿಕೊಂಡು ಮುಂಬಯಿಯ ಕುರ್ಲಾ ಸ್ಟೇಷನ್ನಿನಲ್ಲಿ ನಿಲ್ಲುವುದೆಂದರೆ, ಬನ್ನಿ, ಕದಿಯಿರಿ ಎಂದು ಕೂಗಿ ಕರೆದ ಹಾಗೆ. ಒಮ್ಮೆ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಯಾವನೋ ಬ್ಲೇಡಿನಿಂದ ಅದರ ಪಟ್ಟಿ ಕತ್ತರಿಸಲು ಶುರು ಮಾಡಿದ್ದ. ಅರ್ಧ ಕತ್ತರಿಸುವಷ್ಟರಲ್ಲಿ ವಡಾಲ ಬಂತು, ನೂಕುನುಗ್ಗಲಿನಲ್ಲಿ ನಾನು ಹೊರಗೆ ಬಿದ್ದೆ. ಇಳಿದ ಮೇಲೆ ಪಟ್ಟಿ ನೋಡಿ, ಕೇಸನ್ನು ಕಂಕುಳಲ್ಲಿ ಅವುಚಿಕೊಂಡೇ ನಡೆದೆ. ವಾರವಿಡೀ ವಡಾಲದ ಗೋದಾಮಿನಲ್ಲಿ ಕಾರಕೂನಿಕೆ ಮಾಡಿ, ರಜೆಯ ದಿನ ನಮ್ಮ ಕಡೆಯ ಜನರ ಮದುವೆ, ಕೂಸಿಗೆ ಹೆಸರಿಡುವ ತೊಟ್ಟಿಲಿನ ಫೋಟೋ ತೆಗೆಯುವವ ನಾನು. ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನನಗೆ ಆಸೆ ಅಂತ ಇದ್ದದ್ದು ಆ ಕ್ಯಾಮೆರಾ ಒಂದರ ಮೇಲೆಯೇ.

ಆಮೇಲೆ ಚೀಲ ಹುಡುಕುವ ಹುಚ್ಚು ಹಿಡಿಯಿತು. ಸ್ಟುಡಿಯೋದವರು ಒಯ್ಯುವ ರೆಕ್ಸಿನ್ ಪೆಟ್ಟಿಗೆ ನೋಡಿದೆ, ಅದನ್ನು ಹಿಡಿದು ಲೋಕಲ್ ಹತ್ತಿದರೆ ಹಿಂದಿನವರು ಬೈದೇ ಕೆಳಗಿಳಿಸುತ್ತಿದ್ದರು. ಮಿಲಿಟರಿಯವರ ಖಾಕಿ ಚೀಲ ಗಟ್ಟಿಯಾಗಿತ್ತು, ಆದರೆ ಒಳಗೆ ಹಾಕಿದ್ದೆಲ್ಲ ತಳದಲ್ಲಿ ಒಂದಕ್ಕೊಂದು ಕುಟ್ಟಿಕೊಳ್ಳುತ್ತಿತ್ತು. ವಿಮಾನ ಕಂಪನಿಯ ಹೆಸರಿರುವ ಹೆಗಲುಚೀಲಗಳು ಆಗ ಎಲ್ಲರ ಹೆಗಲಲ್ಲೂ ಇದ್ದವು. ವಿಮಾನದ ಮುಖ ನೋಡದವನು ಅದನ್ನು ಹಾಕಿಕೊಂಡು ತಿರುಗುವುದು ನನಗೆ ಸೇರಲಿಲ್ಲ. ಅಂಗಡಿಯವರು ನನ್ನನ್ನು ಕಂಡರೆ ಮುಖ ತಿರುಗಿಸುವ ಮಟ್ಟಕ್ಕೆ ಬಂದರು.

ಕೊನೆಗೆ ಬುದ್ಧಿ ಹೊಳೆದದ್ದು ರೈಲಿನಲ್ಲೇ. ಸುತ್ತ ನಿಂತ ಪ್ರತಿಯೊಬ್ಬನ ಕೈಯಲ್ಲೂ ಒಂದೇ ಥರದ ಕ್ಯಾನ್ವಾಸಿನ ಟಿಫಿನ್ ಚೀಲ. ಅದರ ಕಡೆ ಯಾವ ಕಳ್ಳನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅಂಥದೇ ಒಂದು ತಂದೆ. ಅವ್ವ ಹಳೆಯ ಕೌದಿ ಕತ್ತರಿಸಿ, ಒಳಗೆ ದಪ್ಪ ಅಸ್ತರಿ ಹೊಲಿದು ಮೂರು ಖಾನೆ ಮಾಡಿಕೊಟ್ಟಳು: ಕ್ಯಾಮೆರಾಕ್ಕೆ, ಫ್ಲ್ಯಾಶಿಗೆ, ಫಿಲ್ಮಿಗೆ. ಒಂದು ಬೆರಳು ತೂರಿಸಲೂ ಹೆಚ್ಚಿನ ಜಾಗ ಇರಲಿಲ್ಲ. ಇಷ್ಟು ಸಣ್ಣದು, ಇಷ್ಟು ಹದವಾದದ್ದು ಇಡೀ ಮುಂಬಯಿಯಲ್ಲಿ ಇಲ್ಲ ಎಂದು ನಮ್ಮ ಚಾಳಿನ ಅಕ್ಕಪಕ್ಕದ ಮನೆಯವರ ಮುಂದೆಲ್ಲ ಜಂಬ ಕೊಚ್ಚಿದೆ. ಅವ್ವ ಮಾತ್ರ ಅದನ್ನು ಬುತ್ತಿಚೀಲ ಅನ್ನುವುದನ್ನು ಬಿಡಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಚೆಂಬೂರಿನಿಂದ ಒಬ್ಬರು ಓಡಿ ಬಂದರು. ವಿಜಾಪುರದ ಕಡೆಯ ಒಬ್ಬ ಗಾರೆ ಕೆಲಸದವನ ಹೆಂಡತಿ ಕಾಮಾಲೆಯಿಂದ ತೀರಿಕೊಂಡಿದ್ದಳು. ಮಧ್ಯಾಹ್ನಕ್ಕೆ ಮಣ್ಣು. ಆಕೆಯದು ಒಂದೂ ಫೋಟೋ ಇರಲಿಲ್ಲ, ಮದುವೆಯದೂ ಇಲ್ಲ. ಇನ್ನೂ ಮೊಲೆ ಬಿಡದ ಹೆಣ್ಣುಕೂಸಿತ್ತು. ದೊಡ್ಡದಾದ ಮೇಲೆ ಅದಕ್ಕೆ ತಾಯಿಯ ಮಾರಿ ಹೇಗಿತ್ತೆಂದು ಗೊತ್ತಾಗಬೇಕು, ಅಷ್ಟೇ ಗಂಡನ ಬೇಡಿಕೆ. ನಾನು ಮುಖ ತೊಳೆದು, ಅಂಗಿ ತೊಟ್ಟು, ಚೀಲ ಎತ್ತಿಕೊಂಡು ಓಡಿದೆ. ಚೀಲ ಎಂದಿನಂತೆಯೇ ಭಾರವಾಗಿತ್ತು.

ಚೆಂಬೂರಿನ ಚಾಳಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲ ತುಂಬ ಜನ, ಒಳಗೆ ಒಂದು ದೀಪ, ಊದಿನಕಡ್ಡಿಯ ಹೊಗೆ. ನಮ್ಮ ಪದ್ಧತಿಯಂತೆ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಮುಡಿ ತುಂಬ ಹೂವು, ಅಂಗೈಯಲ್ಲಿ ಲಿಂಗ. ಇಪ್ಪತ್ತರ ಆಸುಪಾಸಿನ ಹುಡುಗಿ. ಮೂಲೆಯಲ್ಲಿ ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು.

ಚೀಲ ಬಿಚ್ಚಿದೆ. ಫ್ಲ್ಯಾಶ್ ಇರಬೇಕಾದ ಖಾನೆಯಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಎರಡಾಗಿ ಮಡಚಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬೆಳ್ಳುಳ್ಳಿಯ ವಾಸನೆ ಆ ಹೊಗೆಯಲ್ಲೂ ಘಮ್ಮೆಂದು ಎದ್ದಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮಗ ದಿನವಿಡೀ ಉಪವಾಸ ಬೀಳುತ್ತಾನೆ ಎಂದು ಅವ್ವ ಬುತ್ತಿ ಕಟ್ಟಿದ್ದಳು. ಚೀಲದಲ್ಲಿ ಜಾಗ ಇಲ್ಲವಲ್ಲ, ಅದಕ್ಕೆ ಫ್ಲ್ಯಾಶ್ ತೆಗೆದಿಟ್ಟಿದ್ದಳು. ಹೊರಗೆ ಬಿಸಿಲು ಬಿದ್ದಿರುವಾಗ ಬೆಳಕು ಹೊತ್ತುಕೊಂಡು ಹೋಗುವುದು ಯಾತಕ್ಕೆ ಎಂಬುದು ಆಕೆಯ ಲೆಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಇದ್ದಿದ್ದರೆ ಏನು ಅಂದುಬಿಡುತ್ತಿದ್ದೆನೋ.

ತೀರಿಕೊಂಡವಳನ್ನು ಹೊರಗೆ ಬೆಳಕಿಗೆ ತಂದು ಕೂರಿಸಲು ಆಗುತ್ತದೆಯೇ ಎಂದು ಅಲ್ಲಿದ್ದ ಹಿರಿಯರನ್ನು ಅಂಜುತ್ತಲೇ ಕೇಳಿದೆ. ಒಮ್ಮೆ ಕೂರಿಸಿದ ಮೇಲೆ ಎತ್ತುವುದು ಒಯ್ಯಲಿಕ್ಕೆ ಮಾತ್ರ ಎಂದರು. ಫ್ಲ್ಯಾಶ್ ತರಲು ಕುರ್ಲಾದ ಮನೆಗೆ ಹೋಗಿಬರುವಷ್ಟು ವೇಳೆ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಕ್ಯಾಮೆರಾವನ್ನು ಮಗುಚಿದ ಕೊಡದ ಮೇಲಿಟ್ಟು, ಅದರ ಕಣ್ಣನ್ನು ಬಹಳ ಹೊತ್ತು ತೆರೆದಿಡುವುದು. ಆ ಹೊತ್ತಿನಲ್ಲಿ ಯಾರು ಅಳ್ಳಾಡಿದರೂ ಮಬ್ಬಾಗುತ್ತಾರೆ, ಉಸಿರು ಬಿಗಿಹಿಡಿದು ನಿಲ್ಲಿ ಎಂದು ಎಲ್ಲರಿಗೂ ಹೇಳಿದೆ.

ಗಂಡ ಕೂಸನ್ನು ತಂದು ತಾಯಿಯ ತೊಡೆಯ ಮೇಲೆ ಕೂರಿಸಿದ. ಅದು ಸೆರಗು ಹಿಡಿದು ಜಗ್ಗಿ ಮತ್ತೆ ರಚ್ಚೆ ಹಿಡಿಯಿತು. ಪಕ್ಕದಲ್ಲಿದ್ದ ಒಬ್ಬ ಮುದುಕಿ ನನ್ನನ್ನು ಕೇಳದೆ ಗಂಟಿಗೆ ಕೈ ಹಾಕಿದಳು. ಚೂರು ರೊಟ್ಟಿ ಮುರಿದು, ನೀರಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟಳು. "ಮುಂಜಾನಿಂದ ಹಸಿದೈತ್ರೀ ಅದು, ಯಾರಿಗೂ ಖಬರಿಲ್ಲ," ಎಂದಳು. ಕೂಸು ಅಳು ನಿಲ್ಲಿಸಿ ಚಪ್ಪರಿಸತೊಡಗಿತು. ನನ್ನ ಸಿಟ್ಟು ಯಾರ ಮೇಲೆ ಇಟ್ಟುಕೊಳ್ಳುವುದೋ ನನಗೇ ತಿಳಿಯದಾಯಿತು. ಫಿಲ್ಮು ಮುಗಿಯುವ ತನಕ ತೆಗೆದೆ.

ಮನೆಗೆ ಬಂದಾಗ ಅವ್ವ ಕೇಳಿದ ಮೊದಲ ಮಾತು, ಉಂಡ್ಯಾ ಅಂತ. ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ರೊಟ್ಟಿ ಕೂಸು ತಿಂತು ಎಂದೆ. ಫ್ಲ್ಯಾಶಿನ ಸುದ್ದಿ ಮರುದಿನ ಹೇಳಿದೆ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಫೋಟೋಗಳನ್ನು ತೊಳೆಸಿ ತಂದಾಗ ನನಗೆ ಭಯವೇ ಆಯಿತು. ಎಲ್ಲದರಲ್ಲೂ ಸುತ್ತ ನಿಂತವರು ಹೊಗೆಯಂತೆ ಕಲಸಿಹೋಗಿದ್ದರು, ಗಂಡನಿಗೆ ಎರಡೆರಡು ಮುಖ. ತೊಡೆಯ ಮೇಲಿನ ಕೂಸು, ಬಾಯಾಡಿಸುತ್ತ, ತಾಯಿಯ ಕಡೆ ತಿರುತಿರುಗಿ ನೋಡುತ್ತ ಇದ್ದದ್ದು, ಬರೀ ಒಂದು ಬಿಳಿ ಕಲೆ. ಆಕೆ ಒಬ್ಬಳೇ ಸ್ವಚ್ಛವಾಗಿ ಬಂದಿದ್ದಳು. ವಿಭೂತಿಯ ಗೆರೆ, ಹೂವಿನ ಒಂದೊಂದು ಎಸಳು, ಮುಚ್ಚಿದ ರೆಪ್ಪೆಯ ಕೂದಲು ಸಹ. ಕೊಡಲೋ ಬೇಡವೋ ಎಂದು ವಾರಗಟ್ಟಲೆ ಒದ್ದಾಡಿ, ಕೊನೆಗೆ ಅವುಗಳಲ್ಲಿ ಒಂದನ್ನು ಒಯ್ದು ಕೊಟ್ಟೆ. ಗಂಡ ಅದನ್ನು ಎದೆಗೆ ಒತ್ತಿಕೊಂಡ.

ಏಳೆಂಟು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಅದೇ ಚಾಳಿನಲ್ಲಿ ಒಂದು ತೊಟ್ಟಿಲಿಗೆ ಕರೆ ಬಂದಾಗ ಆ ಗಾರೆ ಕೆಲಸದವನೇ ಕೈಹಿಡಿದು ಮನೆಗೆ ಕರೆದೊಯ್ದ. ಫೋಟೋಕ್ಕೆ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದ್ದ. ಎರಡು ಜಡೆಯ ಹುಡುಗಿ ನೀರು ತಂದುಕೊಟ್ಟಳು. ಶಾಲೆಗೆ ಹೋಗುತ್ತಿದ್ದಳು, ಮಾತಿನಲ್ಲಿ ಅರ್ಧ ಹಿಂದಿ. ಆಕೆ ಒಳಗೆ ಹೋದಾಗ ತಂದೆ ದನಿ ತಗ್ಗಿಸಿ, "ಪೂಜಿಗೆ ಕುಂತಾಗ ತಗದದ್ದು ಅಂತ ಹೇಳೇನ್ರಿ. ನೀವೂ ಹಂಗ ಅನ್ರಿ," ಎಂದ.

ಫೋಟೋ ತೆಗೆದವ ನಾನೇ ಎಂದು ಗೊತ್ತಾದದ್ದೇ ತಡ, ಹುಡುಗಿ ಸ್ಟೂಲು ಹತ್ತಿ ನಿಂತು ಆ ಬಿಳಿ ಕಲೆಯ ಮೇಲೆ ಬೆರಳಿಟ್ಟಳು. ಇದು ನಾನೇ ಅಂತ ಅಪ್ಪ ಹೇಳುತ್ತಾನೆ, ಮತ್ತೆ ನಾನೇಕೆ ಕಾಣುವುದಿಲ್ಲ ಎಂದು ಕೇಳಿದಳು. ನೀನು ಸುಮ್ಮನೆ ಕೂರಲಿಲ್ಲವ್ವ, ಅಳ್ಳಾಡಿದವರು ಫೋಟೋದಲ್ಲಿ ಸರಿಯಾಗಿ ಬರುವುದಿಲ್ಲ ಎಂದೆ.

ಆಕೆ ನಾಚಿಕೊಂಡು ನಾಲಿಗೆ ಕಚ್ಚಿದಳು. ಆಮೇಲೆ ತಾಯಿಯ ಮುಖವನ್ನು ಲಂಗದ ಅಂಚಿನಿಂದ ಮೆಲ್ಲಗೆ ಒರೆಸಿ, ನನ್ನ ಕಡೆ ತಿರುಗಿದಳು.

"ಅವ್ವ ಎಷ್ಟ್ ಶಾಣ್ಯಾಕಿ ನೋಡ್ರಿ ಕಾಕಾ. ಬಿಲ್ಕುಲ್ ಅಳ್ಳಾಡಿಲ್ಲ."