ಅಜ್ಜಿಯ ಜೇನು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಈ ಒಂದು ವಿಷಯದಲ್ಲಿ ಕೋಪ ಇಳಿಯಲಿ ಎಂದು ನನಗೇ ಅನ್ನಿಸಿಲ್ಲ.

ನಾನು ಶಿಡ್ಲಘಟ್ಟದಲ್ಲಿ ಪ್ರೈಮರಿ ಶಾಲೆಯ ಟೀಚರ್. ಮನೆ ಸಾದಲಿ ಹತ್ತಿರದ ಹಳ್ಳಿಯಲ್ಲಿ. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ಅಷ್ಟು ಹೊತ್ತೂ ಮೂರು ವರ್ಷದ ಮಗಳು ಅತ್ತೆಯ ಜೊತೆ ಇರುತ್ತಿದ್ದಳು. ಅತ್ತೆ ರೇಷ್ಮೆ ಹುಳ ಸಾಕುವುದರಲ್ಲಿ ಎತ್ತಿದ ಕೈ. ಹುಳ ಸೊಪ್ಪು ಮೇಯುವ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದರು. ಮಗುವಿಗೆ ಭೇದಿ ಶುರುವಾಗಿ ನಾನು ರಜೆ ಹಾಕುತ್ತೇನೆಂದರೆ ಕೇಳುತ್ತಲೇ ಇರಲಿಲ್ಲ.

"ನೀನು ಹೋಗಮ್ಮ ತಾಯಿ. ದಾಳಿಂಬೆ ಸಿಪ್ಪೆ ಅರೆದು ಜೇನಲ್ಲಿ ನೆಕ್ಕಿಸ್ತೀನಿ. ನೀನು ಬರೋ ಹೊತ್ಗೆ ಆಟ ಆಡ್ತಿರ್ತಾಳೆ."

ಒಂದೆರಡು ದಿನದಲ್ಲಿ ನಿಂತೂ ಬಿಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾನು ಅತ್ತೆಯ ಕೈಗುಣ ಹೊಗಳಿದ್ದೇ ಹೊಗಳಿದ್ದು. ನಮ್ಮ ಮಗುವಿಗೆ ಇಂಗ್ಲಿಷ್ ಔಷಧಿ ಎಂದರೇನೆಂದೇ ಗೊತ್ತಿಲ್ಲ ಎಂದು ಜಂಬ ಬೇರೆ. ಒಮ್ಮೆ ಮಗಳು ತೊಡೆಯ ಮೇಲೆ ಕೂತು, "ಅಮ್ಮ, ಅಜ್ಜಿ ಜೇನು ಕಹಿ" ಎಂದಳು. ನಾನು ನಕ್ಕೆ. "ಕಹಿ ಅಲ್ಲ ಚಿನ್ನ, ದಾಳಿಂಬೆ ಸಿಪ್ಪೆ ಒಗರು ಇರ್ತದೆ. ಒಗರು ಅನ್ನು." ಅವಳು ನಾಲಿಗೆ ತಿರುಗಿಸಿ ಒಗರು ಎಂದಳು. ಟೀಚರ್ ನೋಡಿ ನಾನು, ತಿದ್ದದೆ ಇರುತ್ತೇನೆಯೇ!

ಹೋದ ಮಳೆಗಾಲದಲ್ಲಿ ಭೇದಿ ನಿಲ್ಲಲಿಲ್ಲ. ಮೂರನೆಯ ದಿನ ರಕ್ತ ಕಂಡಿತು. ಕಣ್ಣು ಗುಳಿ ಬಿದ್ದವು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಅತ್ತೆ, ಗಂಡ, ನಾನು ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದಕ್ಕೆ ಓಡಿದೆವು. ಡ್ರಿಪ್ ಹಾಕಿಸುತ್ತಾ ಡಾಕ್ಟರಮ್ಮ ಕೇಳಿದರು: "ಹಿಂದೆ ಭೇದಿಗೆ ಆಂಟಿಬಯಾಟಿಕ್ ಏನಾದ್ರೂ ಕೊಟ್ಟಿದೀರಾ?"

"ಒಂದು ಚೂರೂ ಇಲ್ಲ ಮೇಡಂ. ಬರೀ ಮನೆಮದ್ದು" ಎಂದೆ, ಎದೆಯುಬ್ಬಿಸಿ. ಅತ್ತೆ ಮಗುವಿನ ಹೊದಿಕೆ ಸರಿಮಾಡುತ್ತಿದ್ದರು. ಗಂಡ ಬಾಗಿಲ ಬಳಿ ಫೋನ್ ನೋಡುತ್ತಿದ್ದರು. ಇಬ್ಬರೂ ತಲೆ ಎತ್ತಲಿಲ್ಲ.

ನನ್ನ ಮಾತು ನಂಬಿ ಡಾಕ್ಟರಮ್ಮ ಒಂದು ಔಷಧಿ ಶುರು ಮಾಡಿದರು. ಎರಡು ದಿನವಾದರೂ ರಕ್ತ ನಿಲ್ಲಲಿಲ್ಲ. ಮಗಳು ನನ್ನನ್ನು ಕರೆಯುವುದನ್ನೂ ಬಿಟ್ಟಳು. ಅಷ್ಟರಲ್ಲಿ ಮಲ ಪರೀಕ್ಷೆಯ ವರದಿ ಬಂತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಮಾಮೂಲಿ ಕೊಡೋ ಔಷಧಿ ಯಾವುದಕ್ಕೂ ಈ ಕ್ರಿಮಿ ಬಗ್ತಿಲ್ಲ. ಮನೇಲಿ ಏನೋ ಕೊಟ್ಟಿರೋ ಹಾಗಿದೆ. ನಿಜ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಸುಳ್ಳು ಹೇಳೋ ಜನ ಅಲ್ಲ ನಾವು!" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಆಕೆ ವರದಿ ಮಡಚಿಕೊಂಡು ಹೊರಟುಹೋದರು.

ಅದೇ ಮಧ್ಯಾಹ್ನ ಮಗುವಿನ ಬಟ್ಟೆ ತರಲು ಊರಿಗೆ ಹೋದೆ. ಒಣಗಿದ ತುಟಿಗೆ ಸವರಲು ಜೇನನ್ನೂ ಒಯ್ಯೋಣವೆಂದು ಹುಡುಕಿದರೆ ಅಡುಗೆಮನೆಯಲ್ಲಿ ಬಾಟಲಿ ಇಲ್ಲ. ಸಿಕ್ಕಿದ್ದು ಹುಳದ ಮನೆಯಲ್ಲಿ, ಸುಣ್ಣದ ಚೀಲದ ಹಿಂದಿನ ಗೂಡಿನಲ್ಲಿ. ಪಕ್ಕದಲ್ಲಿ ಮಗಳ ಪುಟ್ಟ ಚಮಚ. ಅದರ ಪಕ್ಕದಲ್ಲಿ ಕ್ಯಾಪ್ಸೂಲ್‌ಗಳು, ಕೆಲವು ಬಿಚ್ಚಿ ಅರ್ಧ ಖಾಲಿ ಮಾಡಿದ್ದವು. ಕ್ಯಾಪ್ಸೂಲಿನ ಹಾಳೆಯ ಮೇಲಿದ್ದ ಹೆಸರು ಓದಿದೆ. ಆಸ್ಪತ್ರೆಯಲ್ಲಿ ಎರಡು ದಿನ ಕೊಟ್ಟರೂ ನಾಟದಿದ್ದ ಔಷಧಿಯೇ ಅದು. ಒಂದು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡೆ. ಕಹಿ. ಒಗರಲ್ಲ, ಕಹಿ.

ಆಸ್ಪತ್ರೆಗೆ ಬಂದು ಅದನ್ನು ಗಂಡನ ಕೈಗಿಟ್ಟೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿದರು. "ಹುಳಕ್ಕೆ ಭೇದಿ ಆಗೋ ಸಪ್ಪೆ ರೋಗ ಬಂದಾಗ ಸೊಪ್ಪಿಗೆ ಚಿಮುಕಿಸೋಕೆ ಅಂತ ನಾನೇ ತರ್ತಿದ್ದೆ. ಅಮ್ಮ ಮಗೂಗೂ ಚೂರು ಚೂರು ಕೊಡ್ತಿದ್ರು. ನಿನ್ ಬಾಯಿಗೆ ಹೆದ್ರಿ ಹೇಳ್ಲಿಲ್ಲ ಕಣೇ."

ನನ್ನ ಬಾಯಿಗೆ! ಕೊನೆಗೆ ತಪ್ಪು ನನ್ನ ಬಾಯಿಯದ್ದಾಯಿತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹುಳದ್ದೂ ಹೊಟ್ಟೇನೇ, ಮಗೂದೂ ಹೊಟ್ಟೇನೇ ಅಲ್ವೇನಮ್ಮ? ಮುಟ್ಟಿದ್ರೆ ಸಾಯೋ ಅಂಥ ಹುಳಾನೇ ಬದುಕ್ಕೊಳ್ತಿತ್ತು. ನಾನು ಮೊಮ್ಮಗಳಿಗೆ ಕೇಡು ಬಗೀತೀನಾ?"

ಬಗೆಯಲಿಲ್ಲ, ಗೊತ್ತು. ಕೊಟ್ಟದ್ದನ್ನಾದರೂ ನಾನು ಕ್ಷಮಿಸಬಹುದಿತ್ತು. ಡಾಕ್ಟರಮ್ಮ ಕೇಳಿದಾಗ ಇಬ್ಬರೂ ಪಕ್ಕದಲ್ಲೇ ಇದ್ದರಲ್ಲ! ನಾನು ತಿಳಿಯದೆ ಸುಳ್ಳು ಹೇಳುತ್ತಿದ್ದೇನೆ, ಆ ಸುಳ್ಳಿನ ಮೇಲೆ ಮಗುವಿಗೆ ಔಷಧಿ ಹೋಗುತ್ತಿದೆ ಎಂದು ಗೊತ್ತಿದ್ದೂ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಡಾಕ್ಟರಮ್ಮನ ಮುಂದೆ ನಾನೇ ಹೋಗಿ ಹಾಳೆ ಇಟ್ಟು ಕೈಮುಗಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹಿಂದಿನ ಭೇದಿ ಎಲ್ಲ ಬಹುಶಃ ಉಪ್ಪು ಸಕ್ಕರೆ ನೀರಲ್ಲೇ ಹೋಗ್ತಿತ್ತಮ್ಮ. ಹೀಗೆ ಚೂರು ಚೂರು ಕೊಟ್ರೆ ಬಡ ಕ್ರಿಮಿ ಸಾಯ್ತವೆ, ಗಟ್ಟಿಯವು ಉಳ್ಕೊಂಡು ಬೆಳೀತವೆ" ಎಂದರು. ವರದಿಯ ಪ್ರಕಾರ ಆ ಕ್ರಿಮಿಗೆ ಇನ್ನೂ ನಾಟುತ್ತಿದ್ದ ಬೇರೊಂದು ಇಂಜೆಕ್ಷನ್ ಬರೆದರು. ಮೂರನೆಯ ದಿನ ರಕ್ತ ನಿಂತಿತು. ಆ ಸಂಜೆ ಮಗಳು ಅಮ್ಮಾ ಎಂದಳು. ನಾನು ಹೊರಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತುಬಿಟ್ಟೆ.

ಈಗ ಅವಳನ್ನು ಶಾಲೆಯ ಪಕ್ಕದ ಅಂಗನವಾಡಿಯಲ್ಲಿ ಬಿಡುತ್ತೇನೆ. ಅತ್ತೆಯೊಡನೆ ಮಾತಿದೆ, ಬೇಕಾದಷ್ಟೇ.

ಮೊನ್ನೆ ಅವಳಿಗೆ ಮತ್ತೆ ಸ್ವಲ್ಪ ಹೊಟ್ಟೆ ಕೆಟ್ಟಿತು. ಓಆರ್‌ಎಸ್ ಕಲಸಿ ಲೋಟ ಹಿಡಿದೆ. ಬಾಯಿ ಬಿಗಿದುಕೊಂಡಳು. "ಸಿಹಿ ಇದೆ ಚಿನ್ನ, ಅಮ್ಮ ಸುಳ್ಳು ಹೇಳ್ತೀನಾ?" ಎಂದೆ. ಲೋಟವನ್ನು ನನ್ನ ಕಡೆಗೇ ತಳ್ಳಿದಳು.

"ಮೊದ್ಲು ನೀನು ಕುಡಿ."

ಕುಡಿದೆ. ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಒಗರಾ?"