ಫಜ್ ಪೆಡಲ್ಲೂ ಸೌಂಡ್‌ನವನೂ

ಹನೂರಿನ ಕಲ್ಯಾಣ ಮಂಟಪದಲ್ಲಿ, ಒಂದು ಆರತಕ್ಷತೆಯ ದಿನ, ನಾಲ್ಕನೇ ಹಾಡಿನ ನಡುವೆ ನನ್ನ ಗಿಟಾರಿನ ಸದ್ದು ನಿಂತುಹೋಯಿತು. ತಿರುಗಿ ನೋಡಿದೆ. ಸೌಂಡ್‌ನವನು ಮಿಕ್ಸರಿನ ಹಿಂದೆ ಕೂತು ಬಾದುಷಾ ತಿನ್ನುತ್ತಿದ್ದ. ಅದರಲ್ಲಿ ನನ್ನ ಗಿಟಾರಿನ ಚಾನೆಲ್ಲನ್ನು ಪೂರ್ತಿ ಕೆಳಗೆ ಎಳೆದುಬಿಟ್ಟಿದ್ದ.

ಹಾಡು ಮುಗಿದ ಕೂಡಲೇ ಹೋಗಿ ಕೇಳಿದೆ.

"ಸ್ಪೀಕರ್ ಅರ್ದೋದಂಗೆ ಗೊರಗೊರ ಅಂತದೆ ಕಣವ್ವ. ಮದ್ವೆ ಮನೆ ಇದು."

"ಅದು ಫಜ್ ಪೆಡಲ್ ಕಣಣ್ಣ, ಕಾಲಲ್ಲಿ ಒತ್ತೋದು. ಸದ್ದು ಒಡ್ದಂಗೇ ಬರ್ಬೇಕು."

"ಎಣ್ಮಕ್ಳಿಗ್ಯಾಕವ್ವ ಇವೆಲ್ಲ? ಮೆತ್ಗೆ ಏನಾರ ನುಡ್ಸು," ಎಂದು ನಕ್ಕ.

ಕೀಬೋರ್ಡ್ ನುಡಿಸುವ ನಮ್ಮ ತಂಡದ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡೂ ಮುಂದಿನ ಹಾಡು ಶುರುಮಾಡಿದರು. ಉಳಿದ ಹಾಡುಗಳಿಗೆಲ್ಲ ನಾನು ಸದ್ದಿಲ್ಲದ ಗಿಟಾರ್ ಹಿಡಿದು ಬೊಂಬೆಯಂತೆ ಕೈಯಾಡಿಸಿದೆ. ಆರು ವರ್ಷ ಆ ತಂಡದಲ್ಲಿ ನುಡಿಸಿದವಳು ನಾನು.

ಕೊಳ್ಳೇಗಾಲದ ಬಸ್ಸಿನಲ್ಲಿ ಕೂತಾಗ ಸಿಟ್ಟು ಇನ್ನೂ ಹೆಚ್ಚಿತು. ಸದ್ದು ನಿಜಕ್ಕೂ ಕೆಟ್ಟದಾಗಿತ್ತು ಎಂಬುದು ನನಗೆ ಗೊತ್ತಿತ್ತು. ಡಬ್ಬಿಯೊಳಗೆ ಕಣಜ ಸಿಕ್ಕಿಕೊಂಡ ಹಾಗೆ. ಆದರೆ ಅದನ್ನು ಸರಿಮಾಡಲು ಒಂದು ನಿಮಿಷವನ್ನೂ ಕೊಡದೆ ಬಾಯಿ ಮುಚ್ಚಿಸಿದ್ದನಲ್ಲ!

ಮರುದಿನ ಅಪ್ಪನ ಮಗ್ಗದ ಪಕ್ಕದ ಕೋಣೆಯಲ್ಲಿ ಎಲ್ಲ ವೈರುಗಳನ್ನೂ ಕಿತ್ತು ಹೊಸದಾಗಿ ಜೋಡಿಸಿದೆ. ಗಿಟಾರಿಗೂ ಫಜ್‌ಗೂ ನಡುವೆ ಇದ್ದ, ಶ್ರುತಿ ನೋಡುವ ಟ್ಯೂನರನ್ನು ತೆಗೆದು, ಗಿಟಾರನ್ನು ನೇರವಾಗಿ ಫಜ್‌ಗೆ ಕೊಟ್ಟೆ. ಫಜ್‌ನಿಂದ ಬರುವ ವೈರನ್ನು ಮಂಟಪದಲ್ಲಿ ಮಾಡಿದಂತೆ ಮಿಕ್ಸರಿಗಲ್ಲ, ಒಳಗೇ ಸ್ಪೀಕರ್ ಇರುವ ನನ್ನ ಆಂಪ್ಲಿಫೈಯರಿಗೆ ಹಾಕಿದೆ. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಸ್ವರ ತಿಳಿಯಾಗುತ್ತಿತ್ತು, ಏರಿಸಿದರೆ ದಪ್ಪಗೆ ಗುಡುಗುತ್ತಿತ್ತು.

ಅಪ್ಪ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದರು. "ಇಷ್ಟ್ ದಿನ ಕಿವಿಗ್ ಚುಚ್ತಿತ್ತು ಕಣವ್ವ. ಈಗ ತುಂಬ್ಕಂಡು ಬತ್ತದೆ."

ಮುಂದಿನ ಕಾರ್ಯಕ್ರಮ ಯಳಂದೂರಿನಲ್ಲಿ, ಮೇಷ್ಟ್ರೊಬ್ಬರ ಬೀಳ್ಕೊಡುಗೆ. ಆಂಪ್ಲಿಫೈಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅದರ ಸದ್ದು ಸಭಾಂಗಣದ ಸ್ಪೀಕರುಗಳಿಗೂ ಹೋಗಲೆಂದು, ಮುಂದಿಡಲು ಒಂದು ಮೈಕ್ ಕೇಳಿದೆ. ಅದೇ ಸೌಂಡ್‌ನವನು, "ಇಲ್ಲ," ಅಂದ. ಅವನ ಪೆಟ್ಟಿಗೆಯಲ್ಲಿ ಎರಡು ಮೈಕು ಕಣ್ಣಿಗೆ ಕಾಣುವಂತೆ ಬಿದ್ದಿದ್ದವು.

ಯಜಮಾನರು ಆಗ ಬಾಯಿ ತೆರೆದರು. "ಬುಡವ್ವ, ಗಿಟಾರ್ ಸೌಂಡ್ ನನ್ ಕೀಬೋರ್ಡಲ್ಲೇ ಅದೆ. ಅದ್ನೇ ಆಕ್ತೀನಿ."

ನನ್ನ ಮೈ ಉರಿದುಹೋಯಿತು. "ಆಗಲ್ಲ ಸಾ," ಎಂದವಳೇ ಆಂಪ್ಲಿಫೈಯರನ್ನು ಕುರ್ಚಿಯ ಮೇಲೆ ಜನರಿಗೆ ಮುಖಮಾಡಿ ಇಟ್ಟು, ಅರ್ಧಕ್ಕಿಂತ ಮೇಲೆ ತಿರುಗಿಸಿದೆ. ಎರಡನೇ ಹಾಡಿನಲ್ಲಿ ಫಜ್ ಒತ್ತಿದಾಗ ಸಣ್ಣ ಸಭಾಂಗಣ ತುಂಬಿಹೋಯಿತು. ಮುಂದಿನ ಸಾಲಿನ ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಸೌಂಡ್‌ನವನು ಒಂದಾದ ಮೇಲೊಂದು ಚಾನೆಲ್ ಎಳೆದ. ಕೀಬೋರ್ಡ್ ಇಳಿಯಿತು, ಹಾಡುವವರ ದನಿ ಇಳಿಯಿತು, ನನ್ನ ಸದ್ದು ಮಾತ್ರ ಇಳಿಯಲಿಲ್ಲ. ಅದು ಅವನ ಮಿಕ್ಸರಿಗೆ ಹೋಗಿಯೇ ಇರಲಿಲ್ಲ.

ಒಂದು ವಾರದ ಮೇಲೆ ಯಜಮಾನರು ಫೋನ್ ಮಾಡಿ, "ಪೆಡಲ್ ಮನೇಲಿ ಬುಟ್ಟು ಬಾ," ಅಂದರು. ನಾನು ಹೋಗಲಿಲ್ಲ. ತಂಡ ಬಿಟ್ಟದ್ದಕ್ಕೆ ಬೇಸರವಿದೆ. ಅವರಿಬ್ಬರ ಮೇಲಿನ ಸಿಟ್ಟು ಮಾತ್ರ ಇಂದಿಗೂ ಕರಗಿಲ್ಲ, ಕರಗಿಸಿಕೊಳ್ಳುವ ಆಸೆಯೂ ನನಗಿಲ್ಲ.