ನಿಂಬೆ ಗಾತ್ರದ ಅಣುಬಾಂಬು

ನಮ್ಮ ಹುಕ್ಕೇರಿಯ ಮನೆಯ ಕಪಾಟಿನಲ್ಲಿ, ಕೆಮ್ಮಿನ ಔಷಧದ ಬಾಟಲಿಗೂ ದಾರದುಂಡೆಗಳ ಡಬ್ಬಿಗೂ ನಡುವೆ, ಒಂದು ಅಣುಬಾಂಬು ಇದೆ. ಕಟ್ಟಿಗೆಯದು, ಕಪ್ಪು ಬಣ್ಣದ್ದು, ಸರಿಯಾಗಿ ಒಂದು ನಿಂಬೆಹಣ್ಣಿನಷ್ಟು ದೊಡ್ಡದು. ಬಂದವರು ಅದನ್ನು ಕಂಡು, ಯಾರಿಗೋ ದೃಷ್ಟಿ ತೆಗೆದ ನಿಂಬೆಹಣ್ಣನ್ನು ಎಸೆಯಲು ಮರೆತಿದ್ದಾರೆಂದು ತಿಳಿದು ನಾಲ್ಕು ಮೊಳ ದೂರ ಕೂರುತ್ತಾರೆ. ಮಂದಿಯನ್ನು ದೂರ ಇಡುವುದೇ ಬಾಂಬಿನ ಕೆಲಸವಾದರೆ, ನಮ್ಮದು ಯಾವ ದೇಶದ ಬಾಂಬಿಗೂ ಕಡಿಮೆಯಿಲ್ಲ.

ಅದು ನಮ್ಮ ಮನೆಗೆ ಬಂದ ಕಥೆಯನ್ನು ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ. ಆದರೆ ಮೊದಲೇ ಒಪ್ಪಿಕೊಳ್ಳುತ್ತೇನೆ, ಕೆಲವು ವಿವರಗಳು ತಪ್ಪಿರಬಹುದು. ನಾಲ್ಕು ವರ್ಷದ ಹಿಂದಿನ ಮಾತು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ ನಿಜ, ಆದರೆ ದಿನಚರಿ ಎಂಬುದು ಬೇಕಾದ ದಿನವೇ ಕೈಕೊಡುವ ವಸ್ತು. ಆ ದಿನದ ಪುಟದಲ್ಲಿ "ಗೋಕಾಕಕ್ಕೆ ಹೋಗಿ ಬಂದೆ. ಬಿಸಿಲು ಬಹಳ" ಎಂದಷ್ಟೇ ಇದೆ. ಅಂದು ನನ್ನ ಬಾಳಿನಲ್ಲಿ ಆದದ್ದನ್ನೆಲ್ಲ ಬಿಟ್ಟು ಬಿಸಿಲನ್ನೇಕೆ ಬರೆದುಕೊಂಡೆನೋ, ಬರೆದವಳನ್ನೇ ಕೇಳಬೇಕು. ಅವಳು ಈಗ ಸಿಗುವುದಿಲ್ಲ.

ಅದು ಚೀನಾದವರು ತಮ್ಮ ಮೊದಲ ಬಾಂಬು ಸಿಡಿಸಿದ ವರ್ಷ. ಸಿಡಿದದ್ದು ಎಲ್ಲಿಯೋ ಮರುಭೂಮಿಯಲ್ಲಿ. ಸದ್ದು ಕೇಳಿಸಿದ್ದು ಮೂಡಲಗಿಯಲ್ಲಿ, ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಅಂಗಡಿಯ ರೇಡಿಯೋದಲ್ಲಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಧಾರವಾಡದಲ್ಲಿಟ್ಟು ಭೌತವಿಜ್ಞಾನ ಓದಿಸಿದವನು ಈ ಕಾಕಾನೇ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಅವನನ್ನು ಕಂಡು ನಗುವುದಿದೆ. ಜೋಳದ ಚೀಲಗಳ ಮೇಲೆ ಕುಳಿತು ಸುದ್ದಿ ಕೇಳುತ್ತಿದ್ದ ಮಂದಿ ಒಂದೇ ವಾರದಲ್ಲಿ ಯುದ್ಧಶಾಸ್ತ್ರದ ಪಂಡಿತರಾದರು. ಅಣು ಎಂದರೇನೆಂದು ಕೇಳುವವನೊಬ್ಬನೂ ಅಲ್ಲಿರಲಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

"ಎರಡು ವರ್ಷದ ಹಿಂದ ಹಿಮದಾಗ ಮಾನಾ ಕಳಕೊಂಡ ಬಂದೇವಿ. ಇನ್ನ ನಮ್ಮ ಕಡೇನೂ ಒಂದು ಇರಬೇಕು," ಎಂದ ಕಾಕಾ.

ಕಲ್ಲೋಳಿಯಿಂದ ಜೋಳ ತಂದ ರೈತನೊಬ್ಬ ಸಾವಕಾಶವಾಗಿ ಕೇಳಿದ, "ಸಾವಕಾರ್ರ, ಅದಕ್ಕ ತೆನಿ ತಿನ್ನೂ ಗುಬ್ಬಿ ಸಾಯ್ತಾವೇನ್ರಿ?"

"ಗುಬ್ಬಿ ಅಷ್ಟ ಅಲ್ಲೋ, ತೆನೀನೂ ಸುಡತೈತಿ, ನೀನೂ ಹೋಗ್ತಿ."

"ಹಂಗಾರ ಬ್ಯಾಡ್ರಿ. ನಮ್ಮ ಕವಣೀನ ಬೇಷ ಐತಿ."

"ಏನ ಆದ್ರೂ ಅದು ಮೊದಲ ಗೋಕಾಕಕ್ಕ ಬರೂದ ಬಿಡ್ರಿ," ಎಂದ ಮತ್ತೊಬ್ಬ. "ತಾಲೂಕಿನ ಊರು. ಮೂಡಲಗಿಗೆ ಬಾಂಬು ಬೀಳಬೇಕಂದ್ರ ನಾವು ಅರ್ಜಿ ಕೊಡಬೇಕು."

ಅರ್ಜಿಯ ಮಾತು ಬಂದಾಗ ನಾನು ಒಳಗಿನ ಬಾಗಿಲಲ್ಲಿ ನಿಂತಿದ್ದೆ. ನನ್ನದೂ ಒಂದು ಅರ್ಜಿ ಹೋಗಿತ್ತು, ಮುಂಬಯಿಗೆ. ಅಲ್ಲಿ ಅಣುವಿಜ್ಞಾನದ ತರಬೇತಿಗೆ ಪದವೀಧರರನ್ನು ತೆಗೆದುಕೊಳ್ಳುತ್ತಾರೆಂದು ನಮ್ಮ ಪ್ರಾಧ್ಯಾಪಕರೊಬ್ಬರು ತಿಳಿಸಿದ್ದರು. ಸಂದರ್ಶನಕ್ಕೆ ಕರೆ ಬಂದರೆ ಹೋಗಬೇಕು, ಆಯ್ಕೆಯಾದರೆ ಅಲ್ಲಿಯೇ ಉಳಿಯಬೇಕು. ಕಾಕಾನನ್ನು ಕೇಳಿದಾಗ ಅವನು ನಕ್ಕು, "ಬರಿ, ಬರಿ, ಬರದ್ರ ಏನ ಹೋಗತೈತಿ," ಎಂದಿದ್ದ. ಆ ಅನುಮತಿ ಎಷ್ಟು ಉದಾರವೆಂದು ಆಗ ಹಿಗ್ಗಿದ್ದೆ. ಮುಂಬಯಿಯವರು ಉತ್ತರ ಬರೆಯುವುದಿಲ್ಲವೆಂಬ ಭರವಸೆಯೇ ಅದರ ಬುನಾದಿಯಾಗಿತ್ತೆಂಬುದು ತಡವಾಗಿ ಹೊಳೆಯಿತು. ಟಪಾಲು ಬರುತ್ತಿದ್ದದ್ದು ಅಂಗಡಿಗೆ. ದಿನವೂ ಮಧ್ಯಾಹ್ನ ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿ ನಾನು ರೊಟ್ಟಿಯ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬರುತ್ತಿದ್ದೆ, ಕಾಕಾ ಇಲ್ಲವೆಂದು ತಲೆಯಲ್ಲಾಡಿಸುತ್ತಿದ್ದ.

ಇತ್ತ ಊರಿನಲ್ಲಿ ದೇಶರಕ್ಷಣೆಗೊಂದು ಸಮಿತಿಯಾಯಿತು, ಕಾಕಾ ಅದರ ಅಧ್ಯಕ್ಷನಾದ. ಸರಕಾರ ಬಾಂಬು ಮಾಡಬೇಕೆಂದು ಒತ್ತಾಯಿಸಿ ಮೆರವಣಿಗೆ ತೆಗೆಯುವುದು, ಗಾಡಿಯ ಮೇಲೆ ಕಟ್ಟಿಗೆಯ ಬಾಂಬೊಂದನ್ನು ಇಡುವುದು ಎಂದು ಗೊತ್ತಾಯಿತು. ಗೋಕಾಕದ ಗೊಂಬೆ ಮಾಡುವವರಿಗೆ ಚೀಟಿ ಹೋಯಿತು. ವಾರದ ಮೇಲೆ ಕಾಕಾ ನನ್ನನ್ನೂ ತನ್ನ ಹೆಂಡತಿ ಕಾಕುವನ್ನೂ ಕರೆದು, "ನೀ ಕಲ್ತಾಕಿ, ಬರೋಬರಿ ಐತಿಲ್ಲೋ ನೋಡಿ ತಗೊಂಡ ಬರ್ರಿ," ಎಂದು ಬಸ್ಸು ಹತ್ತಿಸಿದ. ದೇಶದ ಅಣುಶಕ್ತಿಗೆ ನಾನು ಸಲ್ಲಿಸಿದ ಏಕಮಾತ್ರ ಸೇವೆ ಅದು.

ಗೊಂಬೆ ಮಾಡುವ ರಾಮಣ್ಣನ ಕೈಯ ಕಟ್ಟಿಗೆಯ ಹಣ್ಣುಗಳನ್ನು ನೀವು ನೋಡಬೇಕಿತ್ತು. ಅವನ ಸೀತಾಫಲದ ಮೇಲೆ ನೊಣ ಕೂರುತ್ತಿತ್ತು; ಬಾಳೆಹಣ್ಣಿನ ಸಿಪ್ಪೆಯ ಮೇಲಿನ ಕಂದು ಚುಕ್ಕೆಯನ್ನೂ ಅವನು ಬಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಷ್ಟೇ ಗಾತ್ರದಲ್ಲಿ ಮಾಡುವುದು ಅವನ ವ್ರತ. ನಾವು ಬಾಂಬು ಎಲ್ಲಿ ಎಂದಾಗ ಅವನು ಒಳಗಿನಿಂದ ಬಂದು ಮುಷ್ಟಿ ಬಿಚ್ಚಿದ.

"ಅಯ್ಯ ಶಿವನ! ಇದನ್ನ ಗಾಡ್ಯಾಗ ಇಟ್ರ ಯಾರಿಗೆ ಕಾಣಬೇಕೋ ಮಾರಾಯಾ?" ಎಂದು ಕಾಕು ಬಾಯಿಗೆ ಸೆರಗು ಹಿಡಿದಳು.

"ಸಾವಕಾರ್ರ ಚೀಟಿ ಐತ್ರಿ ಅವ್ವಾರ, ಅಣುಬಾಂಬು ಅಂತ ಬರದಾರ," ಎಂದ ರಾಮಣ್ಣ, ಅವಮಾನವಾದವನಂತೆ. "ಅಣು ಅಂದ್ರ ಸಣ್ಣದರಾಗ ಸಣ್ಣದು. ಮಠದಾಗ ಅಯ್ನಾರು ಹೇಳೂದು ಕೇಳಿಲ್ಲೇನ್ರಿ, ಅಣು ರೇಣು ಅಂತ? ಖರೆ ಅಂದ್ರ ಸಾಸಿವಿಯಷ್ಟು ಮಾಡಬೇಕಿತ್ತು, ಧೈರ್ಯಾ ಮಾಡಿ ನಿಂಬಿಹಣ್ಣಿಗೆ ತಂದೇನಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ನೀವು ಕಲ್ತಾವ್ರು. ತಪ್ಪೇನೈತಿ ಹೇಳ್ರಿ," ಎಂದ.

ಏನು ಹೇಳಲಿ? ಆ ವರ್ಷ ಬಾಂಬಿನ ಬಗ್ಗೆ ಮಾತಾಡಿದ ಅಷ್ಟೂ ಜನರಲ್ಲಿ ಆ ಶಬ್ದದ ಅರ್ಥವನ್ನು ಯೋಚಿಸಿದವನು ಅವನೊಬ್ಬನೇ. ತಪ್ಪಿದ್ದರೆ ಅದು ಚೀಟಿಯದು ಎಂದೆ. ತನ್ನ ಮರ್ಯಾದೆಗಾಗಿ ಅವನು ಚೀಟಿಯನ್ನು ತಂದು ನನ್ನ ಕೈಯಲ್ಲಿಟ್ಟ. ಕಾಕಾನ ಅಕ್ಷರವೇ: "ಅಣುಬಾಂಬು ಒಂದು. ಬಣ್ಣ ಕರಿ. ಜಲ್ದಿ ಬೇಕು." ಕಾಗದ ಕಂದು ಬಣ್ಣದ್ದು, ದಪ್ಪ, ಯಾವುದೋ ಲಕೋಟೆಯ ಹರಿದ ಅರ್ಧ. ತಿರುಗಿಸಿ ನೋಡಿದೆ. ಹಿಂದೆ ಟೈಪು ಮಾಡಿದ ಇಂಗ್ಲಿಷ್ ಅಕ್ಷರಗಳಿದ್ದವು: ಮೇಲೆ ಕುಮಾರಿ, ಅಲ್ಲಿಗೆ ಹರಿದಿತ್ತು, ಕೆಳಗೆ ಮೂಡಲಗಿ, ಬದಿಗೆ ಅಂಚೆಯ ಮುದ್ರೆ. ಮುದ್ರೆ ಮಸುಕಾಗಿತ್ತು. ಅದನ್ನು ಮುಂಬಯಿ ಎಂದು ಓದಿದ್ದು ನನ್ನ ಕಣ್ಣೋ ನನ್ನ ಆಸೆಯೋ, ಇಂದು ಆಣೆ ಮಾಡಿ ಹೇಳಲಾರೆ. ಮೂಡಲಗಿಯಲ್ಲಿ ಕುಮಾರಿಯರು ಬಹಳ ಇದ್ದರು, ಒಪ್ಪುತ್ತೇನೆ. ಟೈಪು ಮಾಡಿದ ಪತ್ರ ಬರುವ ಕುಮಾರಿಯರು ಎಷ್ಟು ಮಂದಿ ಇದ್ದರು?

"ಉಳಿದ ಅರ್ಧಾ ಎಲ್ಲೈತಿ?" ಎಂದೆ.

"ನನಗ ಇಷ್ಟ ಬಂದೈತ್ರಿ."

"ಇದನ್ನ ನನಗ ಕೊಡ್ತೀರೇನು?"

"ಚೀಟಿ ಕೊಡೂದಿಲ್ರಿ ಅಕ್ಕಾರ. ನಾಳೆ ಸಾವಕಾರ್ರು ಸಣ್ಣದಾತು ಅಂತ ಬೈದ್ರ ನನಗ ಅದ ಸಾಕ್ಷಿ."

ಹೀಗೆ ಸಾಕ್ಷಿ ಅವನಲ್ಲಿ ಉಳಿಯಿತು, ಬಾಂಬು ನನ್ನಲ್ಲಿ. ಮೆರವಣಿಗೆಗೆಂದು ಅವನು ಅಟ್ಟದ ಮೇಲಿದ್ದ ಒಂದು ದೊಡ್ಡ ಕಟ್ಟಿಗೆಯ ಕುಂಬಳಕಾಯಿಗೆ ಕಪ್ಪು ಬಣ್ಣ ಹಚ್ಚಿಕೊಟ್ಟ. ಬಸ್ಸಿನಲ್ಲಿ ಕಾಕು ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಕಿಟಕಿಯ ಹೊರಗೆ ನೋಡಿದೆ. ಬಿಸಿಲು ಬಹಳ ಇತ್ತು; ಇಷ್ಟಕ್ಕೆ ಲಿಖಿತ ದಾಖಲೆ ಇದೆ.

ಮನೆಗೆ ಬಂದು ಕಾಕಾನನ್ನು ಯಾಕೆ ಕೇಳಲಿಲ್ಲವೆಂದು ನೀವು ಕೇಳಬಹುದು. ಕುಂಬಳದ ಹಸಿ ಬಣ್ಣ ಕೈಗೆ ಅಂಟಿದರೂ ಕಾಕಾ ಅಷ್ಟು ಸಂತೋಷಪಟ್ಟ ಎಂದು ಹೇಳಿದರೆ ಅದು ಕಾರಣವಾಗುವುದಿಲ್ಲ. ಉಂಡ ಅನ್ನ, ಓದಿಸಿದ ಋಣ, ಹೀಗೆ ಹೆಣ್ಣುಮಕ್ಕಳ ಮಾತು ಗಂಟಲಲ್ಲಿ ನಿಲ್ಲಲು ಇರುವ ಸಾವಿರ ಸಭ್ಯ ಕಾರಣಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ. ನಾನು ಅಂಜಿದೆ, ಅಷ್ಟೇ.

ಮೆರವಣಿಗೆ ಭರ್ಜರಿಯಾಗಿ ಆಯಿತು. ಮುದುಕಿಯೊಬ್ಬಳು ಕುಂಬಳಕ್ಕೆ ವಿಭೂತಿ ಹಚ್ಚಿ, "ಎಲ್ಲಾರ್ನೂ ಕಾಯಪಾ ಯಪ್ಪಾ," ಎಂದು ಕೈಮುಗಿದಳು. ಕಾಕಾ ಗಾಡಿಯ ಮೇಲೆ ನಿಂತು, "ಮನಿಗೊಬ್ಬ ವಿಜ್ಞಾನಿ ಹುಟ್ಟಬೇಕು! ದೇಶ ಕರದ್ರ ಹೋಗಬೇಕು!" ಎಂದು ಗುಡುಗಿದ. ಹೆಂಗಸರ ಗುಂಪಿನಲ್ಲಿದ್ದ ನಾನೂ ಚಪ್ಪಾಳೆ ತಟ್ಟಿದೆನೆಂದು ಕಾಕು ಹೇಳುತ್ತಾಳೆ. ನನಗೆ ನೆನಪಿಲ್ಲ, ನೆನಪಿರಬಾರದೆಂದೇ ಮರೆತೆನೋ ಏನೋ.

ಮರುವಾರ ಹುಕ್ಕೇರಿಯವರು ನನ್ನನ್ನು ನೋಡಲು ಬಂದರು. ಅವರ ಜೊತೆ ಮಾತು ಯಾವಾಗ ಶುರುವಾಗಿತ್ತೆಂದು ನನಗೆ ತಿಳಿಯದು; ಆ ಲಕೋಟೆಗಿಂತ ಮೊದಲೋ ಆಮೇಲೋ ಎಂಬುದರ ಮೇಲೆ ಎಷ್ಟೋ ನಿಂತಿದೆ. "ಹುಡುಗಿಗೆ ಬಾಂಬಿನದೆಲ್ಲಾ ಗೊತ್ತೈತ್ರಿ," ಎಂದು ಕಾಕಾ ಹೆಮ್ಮೆಯಿಂದ ಹೇಳಿದ. ವರನ ತಾಯಿ ಗಾಬರಿಯಾಗಿ ಮಗನ ಕಡೆ ನೋಡಿದರು. ಅವನು ನಕ್ಕ, ಆ ನಗೆಗಾಗಿ ಒಪ್ಪಿದೆನೆಂದರೆ ಅದೂ ಸುಳ್ಳಲ್ಲ. ಗಂಡ ಒಳ್ಳೆಯವನು. ಇಬ್ಬರೂ ಇಲ್ಲಿಯ ಶಾಲೆಯಲ್ಲಿ ಕಲಿಸುತ್ತೇವೆ. ನಾನು ಮಕ್ಕಳಿಗೆ ಅಣುವಿನ ಚಿತ್ರ ಬರೆದು ತೋರಿಸುತ್ತೇನೆ, ಗಂಟೆ ಹೊಡೆದಾಗ ಒರೆಸುತ್ತೇನೆ.

ಹೋದ ತಿಂಗಳು ಕಾಕಾ ನಮ್ಮಲ್ಲಿಗೆ ಬಂದು ಎರಡು ದಿನ ಇದ್ದ. ತಿರುಗಿ ಹೊರಟಾಗ ನಾನೇ ಬಸ್‌ಸ್ಟ್ಯಾಂಡಿಗೆ ಹೋದೆ. ಬಾಂಬು ಇರುವ ದೊಡ್ಡ ದೇಶಗಳು ಉಳಿದವರು ಮಾಡಬಾರದೆಂದು ಸಹಿ ಕೇಳುತ್ತಿರುವ ಸುದ್ದಿ ಪೇಪರಿನಲ್ಲಿತ್ತು. ಕಾಕಾ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಸಹಿ ಮಾಡಬಾರದು ನೋಡವಾ," ಎಂದ. "ಮಾಡೂದು ಬಿಡೂದು ನಮ್ಮ ಮರ್ಜಿ. ನಮ್ಮ ಬಾಗಿಲಾ ಮುಚ್ಚಾಕ ಇವರ‍್ಯಾರು? ನಮ್ಮನ್ನ ಒಂದು ಮಾತ ಕೇಳಿದ್ರೇನು?"

ಆಗ ಕೇಳಿದೆ. ನಾಲ್ಕು ವರ್ಷ ಗಂಟಲಲ್ಲಿದ್ದ ಮಾತು ಇಷ್ಟು ಸಲೀಸಾಗಿ ಬಂದೀತೆಂದು ನಾನೇ ಎಣಿಸಿರಲಿಲ್ಲ. ಕಾಕಾ ಪೇಪರನ್ನು ಬಿಚ್ಚಿದ, ಮತ್ತೆ ಮಡಚಿದ, ಬಸ್ಸು ಬಂತೆಂದು ಹತ್ತಿದ. ಆಮೇಲೆ ಮೂರು ಪತ್ರ ಬರೆದಿದ್ದಾನೆ. ಮೂರರಲ್ಲಿಯೂ ದೇಶದ ಪರಿಸ್ಥಿತಿ ವಿವರವಾಗಿದೆ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಆ ಲಕೋಟಿ ಒಳಗ ನನ್ನ ಕರದಿದ್ರೇನ್ರಿ?"